ಒಂದು ಮೊರ ತೌಡಿನ ದೊಡ್ಡವ್ವ

“ಅಮ್ಮ, ದೊಡ್ಡವ್ವ ತೌಡು ಕೊಟ್ಟು ನನ್ನ ತಗೊಂಡವ್ರಂತೆ. ಹಂಗಾದ್ರೆ ನಾನ್ಯಾಕೆ ನಿನ್ ಪಕ್ಕ ಮಲಗ್ತೀನಿ?”

ಭಾನು ಇದನ್ನು ಕೇಳಿದ್ದು ಜಗಲಿಯ ಮೇಲೆ, ಅವರೆಕಾಯಿ ಸುಲಿಯುವಾಗ. ಚಳಿ ಆಗಷ್ಟೇ ಹಿಡಿದಿತ್ತು. ನಾನು ಸಂಜೆಯ ಕೆಲಸ ಮುಗಿಸಿ ಹಾಲಿನ ಡೈರಿಯಿಂದ ಬಂದವಳು, ಕಾಲೂ ತೊಳೆಯದೆ ಫೋಟೊ ತೆಗೆಯಲು ನಿಂತಿದ್ದೆ. ಫೋನಿನೊಳಗೆ ಮಗಳ ಮುಖ, ಅವಳು ಒರಗಿದ್ದ ಮಂಗಳಕ್ಕನ ಮೊಣಕಾಲು, ಪಕ್ಕದಲ್ಲಿ ಸಿಪ್ಪೆಯ ರಾಶಿ. ಪ್ರಶ್ನೆ ಕಿವಿಗೆ ಬಿದ್ದಾಗ ಅತ್ತ ತಿರುಗುತ್ತಲೇ ಒತ್ತಿಬಿಟ್ಟೆ. ಆ ಫೋಟೊ ಮಸುಕಾಗಿ ಬಂದಿದೆ. ಅಳಿಸಿಲ್ಲ.

“ಹೇಳಮ್ಮಿ, ಮಗ ಕೇಳ್ತಾ ಅದೆ,” ಎಂದು ಅತ್ತೆ ನಕ್ಕರು. ನಮ್ಮ ಕಡೆ ಹೆಣ್ಣು ಕೂಸೂ ‘ಮಗ’ವೇ.

ನಾನು ಬಾಯಿ ತೆರೆಯುವ ಮೊದಲೇ ಮಂಗಳಕ್ಕ ಉತ್ತರ ಕೊಟ್ಟಾಗಿತ್ತು. ಕಾಯಿಯಿಂದ ಕಣ್ಣೆತ್ತಲೂ ಇಲ್ಲ.

“ನಮ್ಮನೇಲಿ ಚಾಪೆ ಚಿಕ್ಕದು ಕಣಮ್ಮಿ. ಅದ್ಕೆ ನಿನ್ನ ನಿಮ್ಮವ್ವನ ತಾವ ಮಡಗಿವ್ನಿ. ಬಾಡಿಗೆ ಗೀಡಿಗೆ ಏನೂ ಇಲ್ಲ, ಸುಮ್ನೆ ಮಡಗಿವ್ನಿ.”

ಎಲ್ಲರೂ ನಕ್ಕರು. ಭಾನುವಿಗೆ ಆ ಉತ್ತರ ಸಾಕಾಯಿತು. ಅವರೆಕಾಯಿಯೊಳಗೆ ಹುಳ ಹುಡುಕುವ ತನ್ನ ಕೆಲಸಕ್ಕೆ ಮರಳಿದಳು. ನಾನೂ ನಕ್ಕೆ. ನಗುತ್ತಲೇ ಬಚ್ಚಲಿಗೆ ಹೋಗಿ ಕಾಲ ಮೇಲೆ ಎರಡು ಚೊಂಬು ತಣ್ಣೀರು ಹೆಚ್ಚಿಗೆ ಸುರಿದುಕೊಂಡೆ. ಉರಿ ಹೊಟ್ಟೆಯಲ್ಲಿದ್ದಾಗ ಕಾಲಿಗೆ ನೀರು ಹಾಕಿದರೆ ಏನು ಬಂತು?

ಮಂಗಳಗೌರಿ ನನ್ನ ವಾರಗಿತ್ತಿ. ನನ್ನ ಗಂಡ ಚಂದ್ರಕುಮಾರ್ ಅವರ ಅಣ್ಣನ ಹೆಂಡತಿ. ಬೇಗೂರಿನ ಈ ಮನೆಯಲ್ಲಿ ಸೂರು ಒಂದು, ಒಲೆ ಎರಡು. ನಡುವಿನ ಪಡಸಾಲೆಯಲ್ಲಿ ಅತ್ತೆ ಪುಟ್ಟಸಿದ್ದಮ್ಮನವರ ಮಂಚ. ಅತ್ತೆಯ ಊಟ ಒಂದು ತಿಂಗಳು ನಮ್ಮ ಒಲೆಯಲ್ಲಿ, ಮುಂದಿನ ತಿಂಗಳು ಅವರ ಒಲೆಯಲ್ಲಿ. ಭಾನುವಿಗೆ ಆ ನಿಯಮ ಇಲ್ಲ. ರೊಟ್ಟಿ ಮೊದಲು ಎಲ್ಲಿ ಉಬ್ಬುತ್ತದೋ ಅಲ್ಲಿ ಅವಳ ತಟ್ಟೆ. ಮೊದಲು ಉಬ್ಬುವುದು ಯಾವಾಗಲೂ ಮಂಗಳಕ್ಕನ ಒಲೆಯಲ್ಲೇ. ಆ ಹೊತ್ತಿಗೆ ನಾನು ಡೈರಿಯಲ್ಲಿ ಸಾಲಾಗಿ ನಿಂತ ಕ್ಯಾನುಗಳ ಮುಂದೆ ಹಾಲಿನ ಫ್ಯಾಟು ನೋಡುತ್ತಿರುತ್ತೇನೆ.

ಮಂಗಳಕ್ಕನ ತವರು ಉಡಿಗಾಲ. “ಉಡಿಗಾಲದವಳು ಒಂದ್ ಕೂಗಾಕುದ್ರೆ ಊಟಿ ಬಸ್ಸು ನಿಂತ್ಕತದೆ,” ಎಂದು ಅತ್ತೆ ಹಂಗಿಸುತ್ತಾರೆ. ಸುಳ್ಳಲ್ಲ. ಒಮ್ಮೆ ಹೊಲದಲ್ಲಿ ನಿಂತು ಮಗನನ್ನು ಕರೆದದ್ದಕ್ಕೆ ರಸ್ತೆಯಲ್ಲಿ ಗುಂಡ್ಲುಪೇಟೆಯ ಬಸ್ಸು ನಿಂತು, ಡ್ರೈವರ್ ಕಿಟಕಿಯಿಂದ ತಲೆ ಹಾಕಿ, “ಎಲ್ಲಿಗಮ್ಮ?” ಎಂದು ಕೇಳಿದ್ದ. “ನಿನ್ನ ಯಾರ್ಲಾ ಕರೆದ್ರು, ಓಗು!” ಎಂದು ಇವರು ಅಲ್ಲಿಂದಲೇ ಅವನನ್ನು ಕಳಿಸಿದ್ದರು. ಅರಿಶಿನದ ಹೊಲ ಸ್ವಲ್ಪ ಇದೆ, ಚೆಂಡುಹೂವು ಸ್ವಲ್ಪ. ಉಳಿದ ದಿನ ಕೂಲಿ. ಚಳಿಗಾಲ ಅರಿಶಿನ ಕೀಳುವ ಕಾಲವಾದ್ದರಿಂದ ಅವರ ಬೆರಳುಗಳು ಯುಗಾದಿಯವರೆಗೂ ಹಳದಿಯಾಗಿಯೇ ಇರುತ್ತವೆ. ಎರಡು ಗಂಡು ಮಕ್ಕಳು. ದೊಡ್ಡವನು ಗೂಡ್ಸ್ ಆಟೊ ಓಡಿಸುತ್ತಾನೆ, ಚಿಕ್ಕವನು ಚಾಮರಾಜನಗರದಲ್ಲಿ ಹಾಸ್ಟೆಲಿನಲ್ಲಿದ್ದು ಐಟಿಐ ಓದುತ್ತಾನೆ. ಇಬ್ಬರೂ ಎದೆಯೆತ್ತರ ದಾಟಿದವರು. ಎರಡು ಹೆತ್ತವರಿಗೆ ನನ್ನ ಒಂದರ ಮೇಲೆ ಯಾಕೆ ಕಣ್ಣು? ಆ ಚಳಿಗಾಲವೆಲ್ಲ ನನ್ನ ತಲೆಯಲ್ಲಿ ಇದೇ ಓಡಾಡುತ್ತಿತ್ತು.

ತೌಡಿನ ಕತೆ ನಿಜ. ಭಾನು ಮೂರು ತಿಂಗಳ ಕೂಸಾಗಿದ್ದಾಗ ಕುಡಿದ ಹಾಲು ಒಂದಿಷ್ಟೂ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು, ಔಷಧಿ ಕೊಟ್ಟು ಮನೆಗೆ ಕಳಿಸಿದರು. ಮಗುವನ್ನು ಎತ್ತಿಕೊಂಡರೆ ಬಟ್ಟೆಯನ್ನೇ ಎತ್ತಿಕೊಂಡಂತೆ ಇತ್ತು. ಆಗ ಅತ್ತೆ, “ಡಾಕ್ಟ್ರು ಅವ್ರ ಕೆಲ್ಸ ಮಾಡವ್ರೆ, ನಮ್ ಕೆಲ್ಸ ನಾವು ಮಾಡನ. ಮಗ ಮಾರ್ಬುಡನ,” ಎಂದರು. ನಮ್ಮ ಕಡೆ ಇದು ಹಳೆಯ ರೂಢಿ. ಕೂಸು ಉಳಿಯುವ ಹಾಗೆ ಕಾಣದಿದ್ದರೆ ಇನ್ನೊಬ್ಬ ಹೆಂಗಸಿಗೆ ತೌಡಿಗೆ ಮಾರುತ್ತಾರೆ. ತೌಡಿನ ಬೆಲೆಯ ಮಗುವನ್ನು ಯಾವ ಯಮ ಕೇಳಿಕೊಂಡು ಬರುತ್ತಾನೆ?

ನಾನು ಹಿತ್ತಿಲ ಬಾಗಿಲಲ್ಲಿ ಮಗುವನ್ನು ಮೊರದಲ್ಲಿ ಮಲಗಿಸಿಕೊಂಡು ಕೂತೆ. ಮಂಗಳಕ್ಕ ಮಿಂದು, ಒದ್ದೆ ತಲೆಯಲ್ಲಿ, ಊರೇ ಗೊತ್ತಿಲ್ಲದವರ ಹಾಗೆ ಬೀದಿಯಿಂದ ಸುತ್ತಿ ಬಂದರು.

“ಮಗ ಮಾರ್ತೀರೇನವ್ವ?”

“ಮಾರ್ತೀವಿ.”

“ಏನ್ ಬೆಲೆ?”

“ಒಂದು ಮೊರ ತೌಡು.”

“ಈ ಒಣಕಲ್ಗೆ ಒಂದ್ ಮೊರವಾ! ಬಲೆ ಬಲೆ. ಅರ್ಧ ಮೊರ ಮಾಡ್ಕಳಿ.”

ಚೌಕಾಸಿ ಶಾಸ್ತ್ರದಲ್ಲಿ ಇರಲಿಲ್ಲ. ಅತ್ತೆ ಒಳಗಿನಿಂದ, “ಕೊಟ್ಟು ಎತ್ಕಳಮ್ಮಿ ಸುಮ್ನೆ!” ಎಂದು ಗದರಿದರು. ಮಂಗಳಕ್ಕ ತೌಡು ಸುರಿದು, ಮಗುವನ್ನು ಎತ್ತಿಕೊಂಡು, ಮನೆ ಸುತ್ತಿ ಮುಂಬಾಗಿಲಿನಿಂದ ಒಳಗೆ ಬಂದು ನನ್ನ ಮಡಿಲಿಗೆ ಹಾಕಿ, “ನನ್ ಮಗೀಗೆ ಒಸಿ ಹಾಲ್ ಕೊಡವ್ವ, ಪುಣ್ಯ ಬತ್ತದೆ,” ಎಂದರು. ಅಂದು ನನಗೂ ನಗು ಬಂದಿತ್ತು. ಮಗು ಬದುಕಿದರೆ ಸಾಕಿತ್ತು. ಬಿಟ್ಟಿಯಾಗಿ ಕೇಳಿದ್ದರೂ ಕೊಡುತ್ತಿದ್ದೆ. ಮಗು ಬದುಕಿತು. ಅತ್ತೆ ತೌಡಿನಿಂದ ಎನ್ನುತ್ತಾರೆ, ಗಂಡ ಔಷಧಿಯಿಂದ ಎನ್ನುತ್ತಾರೆ, ನಾನು ಇಬ್ಬರಿಗೂ ತಲೆಯಾಡಿಸುತ್ತೇನೆ.

ಮಾರಿದ ಮಗುವನ್ನು ಶಾಲೆಗೆ ಸೇರಿಸುವ ಮೊದಲು ಬಿಡಿಸಿಕೊಳ್ಳಬೇಕು. ಹೆತ್ತವಳು ಎರಡರಷ್ಟು ತೌಡು ಕೊಡಬೇಕು, ಕೊಂಡವಳು ಕೈಯೊಡ್ಡಿ ಇಸಿದುಕೊಂಡು, ಬಾಯಿ ತುಂಬ “ಕೊಟ್ಟೆ” ಅನ್ನಬೇಕು. ಮನಸ್ಸಿಲ್ಲದೆ ಅಂದರೆ ಮಗು ಇಬ್ಬರಿಗೂ ಇಲ್ಲದ ಹಾಗೆ ಆಗುತ್ತದೆ ಎಂದು ಅತ್ತೆಯ ಎಚ್ಚರಿಕೆ. ಅಲ್ಲಿಯವರೆಗೆ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಡುವ ಹಾಗೂ ಇಲ್ಲ. ಹಾಗಾಗಿ ಭಾನುವಿನ ಹುಟ್ಟುಗೂದಲು ಕತ್ತರಿ ಕಾಣದೆ ಸೊಂಟ ಮುಟ್ಟಿತ್ತು. ಹಿಂದಿನ ವರ್ಷ ಬಿಡಿಸಿಕೊಳ್ಳೋಣ ಎಂದಾಗ ಮಂಗಳಕ್ಕ, “ಈಗ್ಲೇ ಯಾಕೆ, ಇನ್ನೂ ಕೂಸು,” ಎಂದು ತೇಲಿಸಿದ್ದರು. ಈ ವರ್ಷ ತೇಲಿಸಲು ಬರುವುದಿಲ್ಲ. ಬೇಸಿಗೆ ಕಳೆದರೆ ಶಾಲೆ.

ಕಾಫಿ ಹಣ್ಣು ಕೀಳುವ ಕಾಲ ಬಂತೆಂದರೆ ಚಂದ್ರು ಕೇರಳದ ಬತ್ತೇರಿ ಕಡೆಯ ತೋಟವೊಂದಕ್ಕೆ ಮೇಸ್ತ್ರಿಯಾಗಿ ಹೋಗುತ್ತಾರೆ; ಶಿವರಾತ್ರಿಯ ಹೊತ್ತಿಗೆ ವಾಪಸು. ಈ ಸಲ ಹೋಗುವಾಗ ಹೊಸ ಫೋನು ನನ್ನ ಕೈಗೆ ಕೊಟ್ಟು ಹಳೆಯದನ್ನು ಅವರು ಇಟ್ಟುಕೊಂಡರು.

“ದಿನಾ ಒಂದು ಫೋಟೊ ಕಳ್ಸು. ಹಬ್ಬದ್ದು, ಸೀರೆ ಉಟ್ಕಂಡಿದ್ದು ಅಲ್ಲ. ಮನೆ ಸುಮ್ನೆ ಹೆಂಗಿರ್ತದೋ ಹಂಗೆ.”

ಕಳಿಸಿದೆ. ಮಂಜಿನಲ್ಲಿ ಮುಳುಗಿದ ಹಿತ್ತಿಲು. ಹಂಡೆಯ ಬಾಯಿಯ ಹಬೆ. ಬಿಸಿಲು ಹಿಡಿಯಲು ಗೋಡೆಗೆ ಅಂಟಿಕೊಂಡು ಕೂತ ಅತ್ತೆ, ತಲೆಗೆ ಮಾವನವರ ಕಾಲದ ಮಫ್ಲರು. ಹಿತುಕಿದ ಅವರೆಬೇಳೆಯ ಸಾರು ಕುದಿಯುವುದು. ಒಲೆಯ ಮುಂದೆ ಬೆಕ್ಕು, ಬೆಕ್ಕಿನ ಪಕ್ಕ ಭಾನು, ಭಾನುವಿನ ಹಿಂದೆ ಮಂಗಳಕ್ಕ. ಬಾಯಿಗಿಟ್ಟ ರಾಗಿರೊಟ್ಟಿ, ರೊಟ್ಟಿ ಹಿಡಿದ ಹಳದಿ ಬೆರಳು. ತಲೆ ಬಾಚುವುದು, ಬಾಚುವ ಹಳದಿ ಬೆರಳು. ಸ್ವೆಟರಿನ ಗುಂಡಿ, ಗುಂಡಿ ಹಾಕುವ ಅವೇ ಬೆರಳು.

ಮನೆ ಸುಮ್ಮನೆ ಇರುವ ಹೊತ್ತು ಯಾವುದು? ಬೆಳಗ್ಗೆ ನೀರು ಕಾಯುವ ಹೊತ್ತು, ಸಂಜೆ ದೀಪ ಹಚ್ಚುವ ಹೊತ್ತು. ಆ ಎರಡೂ ಹೊತ್ತು ನಾನು ಡೈರಿಯಲ್ಲಿ. ಓಡಿಕೊಂಡು ಬರುವಷ್ಟರಲ್ಲಿ ಮಗಳು ಮಿಂದು, ತಿಂದು, ಜಡೆ ಹಾಕಿಸಿಕೊಂಡು ಮಂಗಳಕ್ಕನ ಮಡಿಲಲ್ಲಿ. ನನಗೆ ಉಳಿದದ್ದು ಫೋಟೊ ತೆಗೆಯುವ ಕೆಲಸ. ಬಾಗಿಲಲ್ಲಿ ನಿಂತು, ಫೋನು ಎತ್ತಿ, “ಭಾನು, ಇಲ್ನೋಡು,” ಎಂದರೆ ಅವಳು ಮೊದಲು ದೊಡ್ಡವ್ವನ ಮುಖ ನೋಡಿ, ಅವರು ನೋಡು ಎಂದ ಮೇಲೆ ನನ್ನ ಕಡೆ ತಿರುಗುತ್ತಿದ್ದಳು. ಅಪ್ಪಣೆ ಕೇಳುವವರ ಹಾಗೆ. ಇದು ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಫೋನಿನ ಗಾಜಿನಲ್ಲಿ ನೋಡುವವಳಿಗೆ ಮಾತ್ರ ಕಾಣುತ್ತದೆ.

ಒಂದು ದಿನ ಕಳಿಸುವ ಮೊದಲು ಫೋಟೊದ ಅಂಚು ಕತ್ತರಿಸಿದೆ. ಮಂಗಳಕ್ಕನ ಮುಖ ಹೋಯಿತು, ಹೆಗಲು ಹೋಯಿತು. ಜಡೆ ಹಿಡಿದ ಕೈ ಮಾತ್ರ ಹೋಗಲಿಲ್ಲ. ಅದನ್ನು ಕತ್ತರಿಸಿದರೆ ಜಡೆಯೂ ಹೋಗುತ್ತಿತ್ತು. ಚಂದ್ರು ಸಂಜೆ ಫೋನಿನಲ್ಲಿ, “ಅತ್ತಿಗೆ ಕೈ ಒಂದೇ ಅದಲ್ಲ, ಅತ್ತಿಗೆ ಎಲ್ಲಿ?” ಎಂದು ಕೇಳಿದರು. “ಫೋಟೊಗೆ ಸಿಗಲಿಲ್ಲ,” ಎಂದೆ.

ಇನ್ನೊಂದು ದಿನ ಡೈರಿಯ ಕುಮಾರಿಗೆ ನನ್ನ ಬೆಳಗಿನ ಪಾಳಿ ವಹಿಸಿ, ನಾನೇ ಭಾನುವಿಗೆ ನೀರು ಹಾಕಿದೆ. ಎಣ್ಣೆ, ಸೀಗೆ, ಬಿಸಿನೀರು ಎಲ್ಲ ಚೆನ್ನಾಗಿಯೇ ನಡೆಯಿತು. ಹುಡುಗಿ ಅಳಲಿಲ್ಲ, ನಕ್ಕಳು, ನನ್ನ ಮುಖಕ್ಕೆ ನೀರು ಎರಚಿದಳು. ನನ್ನ ಎರಡು ಕೈಯೂ ಒದ್ದೆ. ಅದರ ಫೋಟೊ ಇಲ್ಲ. ಟವೆಲು ಸುತ್ತಿ ಬಿಟ್ಟದ್ದೇ ತಡ, ಪಡಸಾಲೆ ದಾಟಿ ಓಡಿದಳು.

“ದೊಡ್ಡವ್ವ, ದೊಡ್ಡವ್ವ! ಇವತ್ತು ಅಮ್ಮ ನೀರ್ ಹಾಕುದ್ಲು!”

ಮನೆಗೆ ನೆಂಟರು ಬಂದ ಸುದ್ದಿ ಹೇಳುವ ಹಾಗೆ. ಮಂಗಳಕ್ಕ ಅವಳ ತಲೆ ಮೂಸಿ ನೋಡಿ, “ಚೆಂದಾಗ್ ಹಾಕವ್ಳೆ ಕಣ,” ಎಂದರು. ನನ್ನ ಮಗಳಿಗೆ ನಾನು ನೀರು ಹಾಕಿದ್ದಕ್ಕೆ ಅವರ ಸರ್ಟಿಫಿಕೇಟು. ಬೈದಿದ್ದರೆ ತಿರುಗಿಸಿ ಒಂದು ಮಾತು ಆಡಬಹುದಿತ್ತು. ಹೊಗಳಿದವರನ್ನು ಏನು ಮಾಡುವುದು?

ಚಂದ್ರು ಸಂಕ್ರಾಂತಿಗೆ ಎರಡು ದಿನದ ರಜೆಯಲ್ಲಿ ಬಂದರು. ಬಾಳೆಕಾಯಿ ಚಿಪ್ಸು, ಅತ್ತೆಗೆ ಮಂಡಿ ನೋವಿನ ಎಣ್ಣೆ, ಜೊತೆಗೆ ಪೇಪರು ಸುತ್ತಿದ ಚೌಕಟ್ಟೊಂದು.

“ಬಿಚ್ಚು,” ಎಂದು ನನ್ನ ಕೈಗೇ ಕೊಟ್ಟರು. “ನೀನ್ ಕಳ್ಸಿದ್ರಲ್ಲಿ ಎಲ್ಲಕ್ಕಿಂತ ಇದೇ ಚೆನ್ನಾಗಿತ್ತು. ಸ್ಟುಡಿಯೋದವ್ನು ಯಾರು ತೆಗ್ದಿದ್ದು ಅಂತ ಕೇಳ್ದ. ನನ್ನೆಂಡ್ತಿ ಅಂದೆ.”

ಬಿಚ್ಚಿದೆ. ಕೂದಲು ಒಣಗಿಸುವ ಫೋಟೊ. ಹಿತ್ತಿಲ ಬಿಸಿಲು, ಬೋರಲು ಹಾಕಿದ ಮಕ್ಕರಿ, ಅದರೊಳಗೆ ಕೆಂಡ, ಕೆಂಡಕ್ಕೆ ಸಾಂಬ್ರಾಣಿ. ಮಕ್ಕರಿಯ ಮೇಲೆ ಹರಡಿದ ಭಾನುವಿನ ಉದ್ದ ಕೂದಲು, ಬಿದಿರ ಸಂದಿಯಿಂದ ಏಳುವ ಹೊಗೆ. ಭಾನು ಮಂಗಳಕ್ಕನ ತೊಡೆಯ ಮೇಲೆ ಮಲಗಿ, ಮೇಲೆ ನೋಡುತ್ತ ಏನೋ ಹೇಳುತ್ತಿದ್ದಾಳೆ; ಮಂಗಳಕ್ಕ ಬಗ್ಗಿ ಕೇಳುತ್ತಿದ್ದಾರೆ. ಆ ಹೊಗೆಯಲ್ಲಿ ಅವರಿಬ್ಬರನ್ನು ಬಿಟ್ಟು ಲೋಕದಲ್ಲಿ ಬೇರೆ ಯಾರೂ ಇಲ್ಲ. ನಿಜವಾಗಿಯೂ ಚೆನ್ನಾಗಿತ್ತು. ಆ ಚಳಿಗಾಲದಲ್ಲಿ ನಾನು ತೆಗೆದದ್ದರಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಬೇರೆ ಇಲ್ಲ. ಅದೇ ಸಿಟ್ಟು.

“ಅಯ್ಯೋ, ನನ್ ಮೂತಿ ನೋಡು, ಕಾಡುಕೋಣ ನೀರ್ ಕುಡ್ದಂಗೆ!” ಎಂದು ಮಂಗಳಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಣ್ಣು ಮಾತ್ರ ಫೋಟೊ ಬಿಟ್ಟು ಕದಲಲಿಲ್ಲ.

“ಎಲ್ಲಿ ತೂಗಾಕನ?” ಎಂದು ಭಾವ ಮಹದೇವಸ್ವಾಮಿ ಮೊಳೆ ಹುಡುಕತೊಡಗಿದರು.

“ದೊಡ್ಡವ್ವನ ಮನೇಲಿ!” ಎಂದಳು ಭಾನು.

ಅಲ್ಲಿಯೇ ತೂಗುಹಾಕಿದರು. ಎಳ್ಳು ಬೀರಲು ಬಂದ ಶಿವಲಕ್ಷ್ಮಿ, ಮೇಲಿನ ಬೀದಿಯ ಹೊಸ ಸೊಸೆ, ನಮ್ಮ ಮನೆಯ ಒಳಗು ಗೊತ್ತಿಲ್ಲದವಳು, ಗೋಡೆ ನೋಡಿ ಮಂಗಳಕ್ಕನಿಗೆ, “ಮಗಳು ಥೇಟ್ ನಿಮ್ಮಂಗೇ ಅವ್ಳೆ ಕಣಕ್ಕ,” ಎಂದಳು. ನಾನು ಅಲ್ಲೇ ಕಬ್ಬಿನ ತುಂಡು ಹಿಡಿದು ನಿಂತಿದ್ದೆ. ಮಂಗಳಕ್ಕ ನನ್ನನ್ನು ನೋಡಿದರು. ಅಲ್ಲ ಅನ್ನಬಹುದಿತ್ತು. “ಎಳ್ಳು ತಕ್ಕಳವ್ವ,” ಎಂದರು.

ಅಂದು ಮಧ್ಯಾಹ್ನವೇ ಊಟದ ಎಲೆ ತೆಗೆಯುವ ಮೊದಲು ನಾನು ಎಲ್ಲರ ಎದುರು, “ಅತ್ತೆ, ಶಿವರಾತ್ರಿ ಕಳೆದ ಸೋಮವಾರ ಮಗುವನ್ನ ಬಿಡಿಸ್ಕೊಂಡುಬಿಡೋಣ. ಇವರೂ ಬಂದಿರ್ತಾರೆ. ಆಮೇಲೆ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬರೋಣ,” ಎಂದೆ.

“ಆಗ್ಲಿ ಮತ್ತೆ, ಎಷ್ಟ್ ದಿನ ಅಂತ,” ಎಂದರು ಅತ್ತೆ.

ಮಂಗಳಕ್ಕ ಮಜ್ಜಿಗೆ ಕುಡಿಯುತ್ತಿದ್ದರು. ಲೋಟ ಇಳಿಸಲು ಸ್ವಲ್ಪ ಹೊತ್ತು ತೆಗೆದುಕೊಂಡರು.

“ತೌಡು ಎಲ್ಲಿಂದ ತತ್ತೀಯ?”

“ಮಿಲ್ಲಿಂದ.”

“ಮಿಲ್ಲಿನ ತೌಡ ನಾನು ಇಸ್ಕಳಕಿಲ್ಲ ಕಣಮ್ಮಿ. ಅದು ದನ ತಿನ್ನದು. ನಾನ್ ಕೊಟ್ಟಿದ್ದು ಕುಟ್ಟಿದ್ ತೌಡು. ಒನಕೇಲಿ ನಾನೇ ಕುಟ್ಟಿದ್ದು, ಕೈ ಬೊಬ್ಬೆ ಬಂದಿತ್ತು. ಬೇಕಾರೆ ಅತ್ತೇನ ಕೇಳು.”

ಅತ್ತೆ ಹೌದೆಂದು ತಲೆಯಾಡಿಸಿದರು. ಚಂದ್ರು, “ಅಯ್ಯೋ ಅತ್ತಿಗೆ, ಈ ಕಾಲ್ದಲ್ಲಿ ಯಾರು ಕುಟ್ತಾರೆ?” ಎಂದರೆ, “ಈ ಕಾಲ್ದಲ್ಲಿ ಯಾರು ಮಗ ಮಾರ್ತಾರೆ?” ಎಂದು ಎಲೆ ಮಡಚಿ ಎದ್ದರು. ಇದು ಕೊಡದಿರುವ ದಾರಿ ಎಂದು ನನಗೆ ಗೊತ್ತಾಯಿತು. ನಾನು ಕುಟ್ಟಲಾರೆ ಎಂದು ಅವರ ಲೆಕ್ಕ.

ಹರದನಹಳ್ಳಿಯ ನನ್ನ ತವರಿನಿಂದ ಒಂದು ಚೀಲ ಭತ್ತ ತರಿಸಿದೆ. ಮಿಲ್ಲಿನವನಿಗೆ, “ಬರೀ ಹೊಟ್ಟು ಬಿಡಿಸಿ ಕೊಡಣ್ಣ, ಪಾಲಿಶ್ ಹಾಕಬೇಡ,” ಎಂದು ಹೇಳಿಸಿದೆ. ಮೇಲಿನ ಸಿಪ್ಪೆ ಮಿಲ್ಲಿನಲ್ಲಿ ಹೋದರೆ ಒಳಗಿನ ತೌಡಷ್ಟೇ ಒನಕೆಗೆ ಉಳಿಯುತ್ತದೆ. ಒನಕೆ ನಮ್ಮ ಅಟ್ಟದಲ್ಲೇ ಇತ್ತು, ತುದಿಯ ಬಳೆಗೆ ತುಕ್ಕು ಹಿಡಿದು. ಹಿತ್ತಿಲಿನ ಒರಳಿನಿಂದ ಕೋಳಿ ಓಡಿಸಿ, ತೊಳೆದು, ಒಣಗಿಸಿ, ಡೈರಿಯ ಎರಡು ಪಾಳಿಯ ನಡುವೆ ಸಿಗುವ ಮಧ್ಯಾಹ್ನಗಳಲ್ಲಿ ಕುಟ್ಟತೊಡಗಿದೆ.

ಮೊದಲ ಮಧ್ಯಾಹ್ನ ಮಂಗಳಕ್ಕ ಹೊಲದಿಂದ ಬಂದು, ನೋಡಿ, “ಸಿಪ್ಪೆ ಮಿಲ್ಲಲ್ಲೇ ಓಗದೆ, ಅರ್ಧ ಮೋಸ,” ಎಂದು ಒಳಗೆ ಹೋದರು. ಎರಡನೆಯ ಸಲ ಬಾಗಿಲಲ್ಲಿ ನಿಂತು ನೋಡಿದರು. ಭಾನು ನನ್ನ ಫೋನು ಹಿಡಿದು ಒನಕೆಯ ಸುತ್ತ ಕುಣಿಯುತ್ತ ಫೋಟೊ ತೆಗೆಯುವ ಆಟ ಆಡುತ್ತಿದ್ದಳು. ಬಂದದ್ದೆಲ್ಲ ಕೋಳಿ, ಆಕಾಶ, ಅವಳದೇ ಹೆಬ್ಬೆರಳು. ನನ್ನ ಅಂಗೈ ಸುಲಿದಿತ್ತು. ಬಟ್ಟೆ ಕಟ್ಟಿಕೊಂಡು ಕುಟ್ಟುತ್ತಿದ್ದೆ. ಹಟ ಇತ್ತು, ಹಟಕ್ಕೆ ನೋವು ಗೊತ್ತಾಗುವುದಿಲ್ಲ.

“ಊರೆಲ್ಲ ಕೇಳ್ತದೆ ನಿನ್ ಕುಟ್ಟಾಟ,” ಎಂದರು. “ಆ ಮುದುಕಿ ಚಿಕ್ಕಬಸಮ್ಮ ಬೀದೀಲಿ ನನ್ನ ತಡ್ದು ನಿಲ್ಸಿ, ‘ನಿಮ್ಮನೇಲಿ ಏನಮ್ಮಿ, ಮದ್ವೆಯಾ?’ ಅಂತ ಕೇಳುದ್ಲು.”

“ಏನಂದ್ರಿ?”

“ಹೂಂ, ಮದ್ವೆ ಥರದ್ದೇ ಅಂದೆ. ಮಗ್ಳ ಕಳ್ಸಿ ಕೊಡದು, ಅಂದೆ.”

ನಾನು ನಿಲ್ಲಿಸಲಿಲ್ಲ. ಅವರು ತಮ್ಮ ಗೋಡೆಯ ಗೂಟದಿಂದ ಇನ್ನೊಂದು ಒನಕೆ ಇಳಿಸಿ ತಂದರು. ಸೆರಗು ಸೊಂಟ ಸುತ್ತಿ ಎದುರಿಗೆ ನಿಂತರು. ನನ್ನ ಒನಕೆ ಏಳುವಾಗ ಅವರದು ಇಳಿಯಿತು. ಒಂದು ಸಲ ತಪ್ಪಿ ಎರಡೂ ಡಿಕ್ಕಿ ಹೊಡೆದವು, ಇಬ್ಬರೂ ಬೈದುಕೊಂಡೆವು, ಆಮೇಲೆ ತಪ್ಪಲಿಲ್ಲ. ತನ್ನ ಮಡಿಲಿನಿಂದ ಮಗು ಬಿಡಿಸುವ ತೌಡನ್ನು ತಾನೇ ಕುಟ್ಟುವುದು ಯಾವ ಲೆಕ್ಕ ಎಂದು ನನಗೆ ತಿಳಿಯಲಿಲ್ಲ. ಕೇಳಿದೆ.

“ಮತ್ತೆ, ನೀನ್ ಒಬ್ಬಳೇ ಕುಟ್ಟುದ್ರೆ ಯುಗಾದಿ ಆಯ್ತದೆ,” ಎಂದರು. ಸ್ವಲ್ಪ ಹೊತ್ತು ಕುಟ್ಟಿದರು. “ನಂಗೆ ಎರಡು ಮಕ್ಳವೆ ಅಂತೀಯಲ್ಲ ನೀನು ಮನಸಲ್ಲಿ.”

“ನಾನೇನೂ ಅಂದಿಲ್ಲ.”

“ಮೊಕ ಅಂತದೆ ಬುಡು. ಆ ಎರಡೂ ಅತ್ತೆ ಮಡ್ಲಲ್ಲಿ ಬೆಳೆದ್ವು. ಬಿಸ್ಲು ಏಳಕ್ ಮುಂಚೆ ನಾನು ಕೂಲಿಗೆ ಓಯ್ತಿದ್ದೆ, ಬರೋವಷ್ಟೊತ್ಗೆ ಮಲಗಿರವು. ದೊಡ್ಡವ್ನು ಒಂದಿನ ನನ್ ನೋಡಿ, ‘ಅಜ್ಜಿ, ಯಾರೋ ಬಂದವ್ರೆ’ ಅಂದ. ಬಾಗ್ಲಲ್ಲಿ ನಿಂತಿದ್ದೆ, ತಲೆ ಮ್ಯಾಲೆ ಸೊಪ್ಪಿನ ಹೊರೆ.” ಒನಕೆ ಇಳಿಯಿತು, ಎದ್ದಿತು. “ಅತ್ತೆ ಮ್ಯಾಲೆ ಅವತ್ತು ನಂಗೆ ಎಷ್ಟು ಹೊಟ್ಟೆಕಿಚ್ಚು ಅಂತೀಯ? ಸಾರಿಗೆ ಉಪ್ಪೇ ಹಾಕ್ಲಿಲ್ಲ ನೋಡು.”

ನನಗೆ ನಗು ಬಂತು. ಕರುಣೆ ಬಂತೆಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಬಂದದ್ದು ಕರುಣೆಯಲ್ಲ. ಆಗ ಅವರ ಮಕ್ಕಳು ಅತ್ತೆಗೆ, ಈಗ ನನ್ನ ಮಗಳು ಇವರಿಗೆ. ಹಾಗಾದರೆ ನನ್ನ ಪಾಲು ಯಾವಾಗ, ಯಾರ ಮಗುವಿನಲ್ಲಿ? ನನಗೆ ಯಾರ ಮಗುವೂ ಬೇಡ, ನನ್ನದೇ ಬೇಕು. ಒನಕೆಯನ್ನು ಇನ್ನೂ ಜೋರಾಗಿ ಹಾಕಿದೆ.

“ನುಚ್ಚಾಯ್ತದೆ, ಮೆಲ್ಲಕೆ,” ಎಂದರು.

ಶಿವರಾತ್ರಿಗೆ ಚಂದ್ರು ಬಂದರು. ಭಾನುವಾರ ಸಂಜೆಯ ಪಾಳಿಯನ್ನು ಕುಮಾರಿಗೆ ಬಿಟ್ಟು, ನಾನು ಅಡುಗೆಮನೆಯಲ್ಲಿ ಕೂತು ತೌಡು ಜರಡಿ ಹಿಡಿಯುತ್ತಿದ್ದೆ. ಎರಡು ಮೊರದ ತಳ ಮುಚ್ಚಿ ಮೇಲೆ ಸ್ವಲ್ಪ ದಿಬ್ಬ ಆಗುವಷ್ಟು ಬಂದಿತ್ತು. ಮೆತ್ತಗೆ, ಕೆಂಪಗೆ, ಹೊಸ ಅಕ್ಕಿಯ ವಾಸನೆ. ಹೊರಗೆ ಬಿಸಿಲು ಇನ್ನೂ ಇತ್ತು. ಚಳಿ ಹಿಂದೆ ಸರಿದಿತ್ತು. ಭಾನು ಸ್ವೆಟರು ಬಿಸಾಡಿ ಅಪ್ಪನ ಹೆಗಲೇರಿ ಬೀದಿಗೆ ಹೋಗಿದ್ದಳು. ನನಗೆ ಒಂದೇ ಭಯ. ನಾಳೆ ಎಲ್ಲರ ಎದುರು ಕೈಯೊಡ್ಡಿದ ಮೇಲೆ ಮಂಗಳಕ್ಕನ ಬಾಯಿಂದ “ಕೊಟ್ಟೆ” ಬರದೇ ಹೋದರೆ? ಅಥವಾ ಬಾಯಿಂದ ಮಾತ್ರ ಬಂದರೆ?

ಮಂಗಳಕ್ಕ ಬಂದು ಹೊಸ್ತಿಲಲ್ಲಿ ಕೂತರು. ನಮ್ಮ ಒಲೆಯ ಕಡೆ ಅವರು ಕೆಲಸವಿಲ್ಲದೆ ಬರುವವರಲ್ಲ. ತೌಡನ್ನು ಬೆರಳಿನಲ್ಲಿ ಎತ್ತಿ, ಉಜ್ಜಿ, ನಾಲಿಗೆಗೆ ಹಚ್ಚಿ ನೋಡಿದರು.

“ಚೆನ್ನಾಗದೆ,” ಎಂದರು.

“ನೀವೂ ಕುಟ್ಟಿದ್ದೀರಲ್ಲ.”

“ನಾಳೆ ಇಸ್ಕತೀನಿ ಕಣಮ್ಮಿ. ನೀನು ಎದುರ್ಕಬ್ಯಾಡ. ಬಾಯಿ ತುಂಬ ಕೊಟ್ಟೆ ಅಂತೀನಿ. ಮನ್ಸಲ್ಲೂ ಅಂತೀನಿ, ಹೊಲದಲ್ಲಿ ಅರಿಶಿನ ಕೀಳ್ತಾ ಹೇಳಿ ಹೇಳಿ ಅಭ್ಯಾಸ ಮಾಡಿವ್ನಿ. ಮಗೀಗೆ ಏನೂ ಆಗ್ಬಾರ್ದು.”

ಜರಡಿ ಅಲುಗಿಸಿದೆ. ಗೆದ್ದೆನಲ್ಲ ಎನ್ನುವುದು ಮೊದಲು ಬಂತು. ಆಮೇಲೆ, ಇಷ್ಟು ಸುಲಭವಾಗಿ ಕೊಟ್ಟು ಇವರು ಮತ್ತೆ ನನಗಿಂತ ದೊಡ್ಡವರಾದರಲ್ಲ ಎಂಬ ಉರಿ.

“ಒಂದು ಕೇಳ್ತೀನಿ. ಆಗಲ್ಲ ಅನ್ಬ್ಯಾಡ.”

“ಕೇಳಿ ಅಕ್ಕ.”

“ತೌಡು ಇಸ್ಕಂಡು, ಮಗೀನ ನಿನ್ ಮಡ್ಲಿಗೆ ಬುಟ್ಟಾದ್ ಮ್ಯಾಲೆ ಎಲ್ರೂ ನನ್ ಮೊಕ ನೋಡ್ತಾರೆ. ಅತ್ತೆ ನೋಡ್ತದೆ, ನಿನ್ ಗಂಡ, ನನ್ ಗಂಡ, ಮಗಾನೂ ನೋಡ್ತದೆ. ಆವಾಗ ನಾನು ಎಲ್ಲಿ ನೋಡ್ಲಿ ಹೇಳು?” ಸೆರಗಿಗೆ ಬೆರಳು ಒರೆಸಿಕೊಂಡರು. ನನ್ನ ಮೊಣಕಾಲ ಪಕ್ಕದಲ್ಲಿದ್ದ ಫೋನಿನ ಕಡೆ ಕಣ್ಣು ತೋರಿಸಿದರು. “ಅದ ಒಸಿ ನನ್ ಕೈಗೆ ಕೊಟ್ಬುಡಮ್ಮಿ ನಾಳೆ. ನೀವಿಬ್ರೂ ಕುಂತ್ಕಳಿ, ಫೋಟೊ ನಾನೇ ತೆಗೀತೀನಿ. ಎಲ್ಲಿ ಒತ್ಬೇಕು, ಈಗ್ಲೇ ತೋರ್ಸು.”